ಪಡುವಣ ಕಿಟಕಿಗೆ ಮಳೆ ಇರಚಲು ಹೊಡೀತಿದೆ, ನಾವೇ ಸಜ್ಜಾ ಮಾಡ್ಕೊಳ್ಳೋದು ಹೇಗೆ?

ಆಲ್ದೂರು_ಮನೆ | ಏಪ್ರಿಲ್ 6

ಎಲ್ರಿಗೂ ನಮಸ್ಕಾರ. ಒಂದು ಕಿಟಕಿ ವಿಷ್ಯ ಕೇಳ್ಬೇಕಿತ್ತು, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಓದಿ.

ನಮ್ಮದು ಚಿಕ್ಕಮಗಳೂರು ತಾಲ್ಲೂಕು ಆಲ್ದೂರು ಹತ್ರ. ಅಮ್ಮನ ರೂಮಿನ ಕಿಟಕಿ ಪಶ್ಚಿಮಕ್ಕಿದೆ, 4 ಅಡಿ ಅಗಲ 4 ಅಡಿ ಎತ್ತರ, ಮೂರು ಬಾಗಿಲು, ಮೂರೂ ಹೊರಗಡೆ ತೆಗೆಯೋವು. ಮನೆ ಕಟ್ಟೋವಾಗ ಆ ಕಡೆ ಸೌದೆ ಕೊಟ್ಟಿಗೆ ಮಾಡು ಕಿಟಕಿ ಮೇಲಿಂದಾನೇ ಇಳಿದಿತ್ತು, ಹಂಗಾಗಿ ಮೇಸ್ತ್ರಿ ಇದೊಂದಕ್ಕೆ ಸಜ್ಜಾ ಬೇಡ ಅಂತ ಬಿಟ್ಟಿದ್ರು. ಎರಡು ವರ್ಷದ ಹಿಂದೆ ಗೆದ್ದಲು ಹಿಡಿದು ಕೊಟ್ಟಿಗೆ ತೆಗೆದ್ವಿ, ಅವತ್ತಿಂದ ಶುರುವಾಯ್ತು ನೋಡಿ. ಆರಿದ್ರಾ ಮಳೆ ಹಿಡೀತು ಅಂದ್ರೆ ಇರಚಲು ಸೀದಾ ಹಾಸಿಗೆ ತನಕ ಬರುತ್ತೆ, ಕಿಟಕಿ ಬಾಗಿಲು ಉಬ್ಬಿ ಕೂತ್ಕೊಳುತ್ತೆ, ಕೆಳಗಿನ ಗೋಡೆ ಪೂರ್ತಿ ಪಾಚಿ. ನಾಲ್ಕು ತಿಂಗಳು ಮುಚ್ಚೇ ಇಡ್ಬೇಕು. ಅಮ್ಮಂಗೆ ಮಂಡಿ ನೋವು, ಮಳೇಲಿ ಹೊರಗೆ ಬರಕ್ಕಾಗಲ್ಲ, ಆ ಕಿಟಕೀಲಿ ಕೂತು ತಾನು ನೆಟ್ಟ ಡೇರೆ ಗಿಡ ನೋಡೋದೊಂದೇ ಅವರಿಗಿರೋದು. ಅದೂ ಇಲ್ಲ ಈಗ.

ಹೋದ ವರ್ಷ ಒಂದು ವೆಲ್ಡಿಂಗ್ ಶಾಪಿಗೆ ಅಡ್ವಾನ್ಸ್ ಕೊಟ್ಟೆ, ನಾಳೆ ನಾಡಿದ್ದು ಅಂತ ಹೇಳ್ತಾ ಮಳೆಗಾಲಾನೇ ಮುಗೀತು. ಈ ಸಲ ನಾನೇ ಮಾಡ್ಬೇಕು ಅಂತಿದೀನಿ. ಡ್ರಿಲ್, ಗ್ರೈಂಡರ್ ಇದೆ, ವೆಲ್ಡಿಂಗ್ ಬರಲ್ಲ. ಗೋಡೆ 6 ಇಂಚಿನ ಸಿಮೆಂಟ್ ಸಾಲಿಡ್ ಬ್ಲಾಕು, ಕಿಟಕಿ ಮೇಲೆ 6 ಇಂಚಿನ ಲಿಂಟಲ್ (ಕಾಂಕ್ರೀಟ್ ತೊಲೆ) ಸುತ್ತಲೂ ಹೋಗಿದೆ. ಎಷ್ಟು ಮುಂದಕ್ಕೆ ಚಾಚಬೇಕು, ಯಾವ ಶೀಟ್ ಹಾಕ್ಬೇಕು, ಗೋಡೆಗೆ ಹೆಂಗೆ ಹಿಡಿಸೋದು, ಗೊತ್ತಿರೋರು ಹೇಳಿ.

ಸಕಲೇಶಪುರ_ತೋಟ | ಏಪ್ರಿಲ್ 6

ನಮ್ದೂ ಇದೇ ಕಥೆ ಇತ್ತು. ಒಂದೂವರೆ ಅಡಿ ಹಾಕ್ಸಿದ್ವಿ, ಏನೂ ಪ್ರಯೋಜ್ನ ಆಗ್ಲಿಲ್ಲ. ಬಿಸಿಲಿಗೆ ನೆರಳಾಗ್ತಿತ್ತು ಅಷ್ಟೆ, ಮಳೆ ಅದರ ಕೆಳಗಿಂದಾನೇ ನುಗ್ತಿತ್ತು. ಕಮ್ಮಿ ಮಾತ್ರ ಮಾಡ್ಬೇಡಿ.

ಕೊಪ್ಪ_ಅಡಿಕೆ | ಏಪ್ರಿಲ್ 6

ಮಾರಾಯ್ರೆ, ಅಷ್ಟೆಲ್ಲ ಎಂತಕ್ಕೆ? ನಮ್ಮಲ್ಲಿ ಮೊದ್ಲಿಂದ ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆ ನೇಯ್ದು ತಟ್ಟಿ ಕಟ್ತಿದ್ದದ್ದು. ಜಗಲಿಗೂ ಕಟ್ತಿದ್ರು, ಮಣ್ಣಿನ ಗೋಡೆಗೂ ಕಟ್ತಿದ್ರು. ದಸರಾ ಹೊತ್ತಿಗೆ ಬಿಚ್ಚಿ ಗೊಬ್ಬರದ ಗುಂಡಿಗೆ. ದುಡ್ಡಿನ ಖರ್ಚೇ ಇಲ್ಲ.

ಆಲ್ದೂರು_ಮನೆ | ಏಪ್ರಿಲ್ 6

ಹೌದು ಸರ್, ಅಜ್ಜನ ಕಾಲದಲ್ಲಿ ನಮ್ಮಲ್ಲೂ ಕಟ್ತಿದ್ರು. ಆದ್ರೆ ತಟ್ಟಿ ಕಟ್ಟಿದ್ರೆ ಕಿಟಕಿ ಮುಚ್ಚಿದಂಗೇ ಆಗತ್ತಲ್ಲ, ರೂಮೆಲ್ಲ ಕತ್ತಲೆ, ಅಮ್ಮಂಗೆ ಹೊರಗೆ ಕಾಣಲ್ಲ. ಅದಕ್ಕೇ ಮೇಲಿಂದ ಚಾಚೋ ಥರ ಯೋಚ್ನೆ ಮಾಡ್ತಿರೋದು.

ಸಿವಿಲ್_ಹಾಸನ | ಏಪ್ರಿಲ್ 7

ನಾನು ಹಾಸನದಲ್ಲಿ ಸೈಟ್ ಎಂಜಿನಿಯರ್, ಪ್ರಶ್ನೆ ನೋಡಿ ಸುಮ್ನಿರಕ್ಕಾಗ್ಲಿಲ್ಲ, ರಾತ್ರಿ ಕೂತು ಲೆಕ್ಕ ಹಾಕ್ದೆ.

ಮಳೆ ಹನಿ ಕೆಳಗೆ ಬೀಳೋ ವೇಗ ಹನಿ ಗಾತ್ರದ ಮೇಲೆ ಸೆಕೆಂಡಿಗೆ ಸುಮಾರು 6ರಿಂದ 9 ಮೀಟರ್. ಗಾಳಿ ಗಂಟೆಗೆ 30 ಕಿಲೋಮೀಟರ್ ಬೀಸ್ತು ಅಂದ್ರೆ ಅದೂ ಸೆಕೆಂಡಿಗೆ 8 ಮೀಟರ್ ಮೇಲಾಯ್ತು. ಅಂದ್ರೆ ಮಳೆ ಹತ್ತತ್ರ 45 ಡಿಗ್ರಿ ಓರೆಯಾಗಿ ಬರುತ್ತೆ. 45 ಡಿಗ್ರೀಲಿ ಎಷ್ಟು ಮುಂದಕ್ಕೆ ಚಾಚ್ತೀರೋ, ಮುಂದಿನ ಅಂಚಿಂದ ಅಷ್ಟೇ ಕೆಳಗಿನ ತನಕ ಒಣಗಿರುತ್ತೆ. ಸಕಲೇಶಪುರದವ್ರ ಒಂದೂವರೆ ಅಡಿ ಯಾಕೆ ಸಾಲ್ಲಿಲ್ಲ ಅಂತ ಇದ್ರಲ್ಲೇ ಗೊತ್ತಾಗುತ್ತೆ. ನಾಲ್ಕಡಿ ಕಿಟಕಿಗೆ ನಾಲ್ಕಡಿ ಚಾಚಿದ್ರೆ ಅದು ಕಿಟಕಿ ಸಜ್ಜಾ ಆಗಲ್ಲ, ಜಗಲಿ ಆಗುತ್ತೆ, ಗಾಳಿಗೂ ನಿಲ್ಲಲ್ಲ. ಹಂಗಾಗಿ ಎರಡೂವರೆ ಅಡಿ ಚಾಚಿ, ಜೊತೆಗೆ ಮುಂದಿನ ಅಂಚನ್ನ ಚೆನ್ನಾಗಿ ಕೆಳಗಿಳಿಸಿ, ಒಂದಡಿ ಇಳಿಜಾರು ಕೊಡಿ. 30 ಇಂಚಿಗೆ 12 ಇಂಚು ಇಳಿದ್ರೆ ಸುಮಾರು 22 ಡಿಗ್ರಿ ಬರುತ್ತೆ. ನೀರೂ ನಿಲ್ಲಲ್ಲ, ಎಲೆ ಕಸಾನೂ ನಿಲ್ಲಲ್ಲ. ನಿಮ್ಮ ಕಡೆ ಸಿಲ್ವರ್ ಓಕ್ ಎಲೆ ಬೀಳೋದು ಬೇರೆ ಇರುತ್ತೆ.

ಅಗಲ ಕಿಟಕಿ ಅಳತೆಗಿಂತ ಎರಡೂ ಕಡೆ 9 ಇಂಚಾದ್ರೂ ಜಾಸ್ತಿ ಇರ್ಲಿ. ಐದೂವರೆ ಅಡಿ ಫ್ರೇಮು, ಶೀಟು 6 ಅಡಿ.

ಬೇಲೂರು_ವೆಲ್ಡಿಂಗ್ | ಏಪ್ರಿಲ್ 7

ಸಿವಿಲ್ ಅಕ್ಕ ಹೇಳಿದ್ದು ಸರಿ ಐತೆ. ಇಳಿಜಾರೇ ಮುಖ್ಯ. ನಮ್ಮೂರ ಚೆನ್ನಕೇಶವನ ಗುಡಿ ನೋಡಿ, 1117ರದ್ದು, ಮದನಿಕೆಯರು ನಿಂತವ್ರಲ್ಲ ಅದರ ಮೇಲೆ ಕಲ್ಲಿನ ಸೂರು ಗೋಡೆಯಿಂದ ಹೊರಗೆ ಚಾಚಿ ಕೆಳಮುಖ ಇಳಿದೈತೆ. ಮಟ್ಟಸವಾಗಿ ಮಾಡಿಲ್ಲ. ನಾನು ಯಾರಿಗೆ ಸಜ್ಜಾ ಮಾಡ್ಕೊಡೋವಾಗ್ಲೂ ಅದನ್ನೇ ತೋರ್ಸೋದು, ನೀರು ಗೋಡೆ ಕಡೆ ತಿರುಗಿ ಬರ್ಬಾರ್ದು ಅಂತ.

ಈಗ ನಿಮ್ಮ ಕೆಲಸಕ್ಕೆ ಬರ್ತೀನಿ. ಎರಡು ತ್ರಿಕೋನ ಬ್ರಾಕೆಟ್ ಬೇಕು, ಕಿಟಕಿ ಎಡಕ್ಕೊಂದು ಬಲಕ್ಕೊಂದು. ಮಧ್ಯಕ್ಕೆ ಕೊಡಂಗಿಲ್ಲ, ಬಾಗಿಲು ತೆಗೆಯಕ್ಕಾಗಲ್ಲ. ಗೋಡೆಗೆ ಅಂಟೋ ಕಾಲು ಉದ್ದ ಇರ್ಲಿ, 18 ಇಂಚಾದ್ರೂ. ಆ ಕಾಲು ಉದ್ದ ಆದಷ್ಟೂ ಮೇಲಿನ ಬೋಲ್ಟಿಗೆ ಎಳೆತ ಕಮ್ಮಿ. 1 ಇಂಚು ಸ್ಕ್ವೇರ್ ಟ್ಯೂಬು, 2 ಮಿಮೀ ದಪ್ಪದ್ದು ತಗಳಿ. ಅಂಗಡೀಲಿ 1.2 ಮಿಮೀದು ಕೊಟ್ಟು ಇದೇ ಸಾಕು ಅಂತಾರೆ, ಗೇಜ್ ಹಿಡಿದು ನೋಡಿ ತಗಳಿ, ತೂಕದಲ್ಲೇ ಗೊತ್ತಾಗುತ್ತೆ. ಟ್ಯೂಬಿನ ಬಾಯಿ ತೆರೆದು ಬಿಡ್ಬೇಡಿ, ತಗಡು ಕೂರಿಸಿ ಮುಚ್ಚಿ. ಇಲ್ಲಾಂದ್ರೆ ಒಳಗೆ ನೀರು ಕೂತು ಒಳಗಿಂದಾನೇ ತುಕ್ಕು ಹಿಡಿಯುತ್ತೆ, ಕಣಜ ಗೂಡು ಕಟ್ಟುತ್ತೆ.

ಆಲ್ದೂರು_ಮನೆ | ಏಪ್ರಿಲ್ 8

ತುಂಬಾ ಥ್ಯಾಂಕ್ಸ್ ಇಬ್ರಿಗೂ. ಶೀಟಿನ ಹಿಂದಿನ ಅಂಚು ಕಿಟಕಿ ಚೌಕಟ್ಟಿನ ತಲೆಯಿಂದ 6 ಇಂಚು ಮೇಲೆ, ಅಂದ್ರೆ ಲಿಂಟಲ್ ಮೇಲಂಚಿಗೆ ಸರಿಯಾಗಿ ಕೂರ್ಸಿದ್ರೆ ಆಗತ್ತಲ್ವಾ? ನಾಳೆ ಟ್ಯೂಬ್ ತರಕ್ಕೆ ಚಿಕ್ಕಮಗಳೂರಿಗೆ ಹೋಗ್ತಿದೀನಿ.

ಸಿವಿಲ್_ಹಾಸನ | ಏಪ್ರಿಲ್ 8

ನಿಲ್ಲಿ ನಿಲ್ಲಿ, ನಿಮ್ಮ ಬಾಗಿಲು ಹೊರಗೆ ತೆಗೆಯೋದು ಅಂದ್ರಲ್ಲ. ನಾಲ್ಕಡೀಲಿ ಮೂರು ಬಾಗಿಲು ಅಂದ್ರೆ ಒಂದೊಂದು 16 ಇಂಚು. ಬಾಗಿಲು ನೇರ ಹೊರಗೆ ನಿಂತಾಗ ಅದರ ಮೂಲೆ ಗೋಡೆಯಿಂದ 16 ಇಂಚು ದೂರ ಇರುತ್ತೆ. ಅಷ್ಟೊತ್ತಿಗೆ ನಿಮ್ಮ ಶೀಟು 6.4 ಇಂಚು ಇಳಿದಿರುತ್ತೆ. 6 ಇಂಚಿಂದ ಶುರು ಮಾಡಿದ್ರೆ ಬಾಗಿಲು ಶೀಟಿಗೇ ಬಡಿಯುತ್ತೆ, ಶೀಟಿನ ಕೆಳಗೆ ಟ್ಯೂಬಿನ ಒಂದಿಂಚು ಬೇರೆ ಇದೆ. 9 ಇಂಚಿಗೆ ಏರ್ಸಿ, ಆಗ ಬಾಗಿಲ ತಲೆ ಮೇಲೆ ಒಂದೂವರೆ ಇಂಚು ಸಿಗುತ್ತೆ. ಮುಂದಿನ ಅಂಚು ಚೌಕಟ್ಟಿನ ತಲೆಗಿಂತ 3 ಇಂಚು ಕೆಳಗೆ ಬರುತ್ತೆ. 45 ಡಿಗ್ರಿ ಮಳೆಗೆ ಮೇಲಿನ 33 ಇಂಚು ಒಣಗಿರುತ್ತೆ. ಕೆಳಗಿನ 15 ಇಂಚು ಒದ್ದೆ ಆಗುತ್ತೆ, ಅದನ್ನ ಈಗಲೇ ಹೇಳ್ಬಿಡ್ತೀನಿ, ಆಮೇಲೆ ಬೇಜಾರಾಗ್ಬಾರ್ದು.

ಮೇಲಿನ ಬೋಲ್ಟು ಮಾತ್ರ ಲಿಂಟಲ್ ಮಧ್ಯಕ್ಕೇ ಬರ್ಲಿ, ತೀರಾ ಕೆಳಗೆ ಡ್ರಿಲ್ ಹಾಕ್ಬೇಡಿ, ಅಲ್ಲಿ ಕಬ್ಬಿಣ ಇರುತ್ತೆ.

ಆಲ್ದೂರು_ಮನೆ | ಏಪ್ರಿಲ್ 8

ಅಯ್ಯೋ ಒಳ್ಳೆ ಟೈಮಿಗೆ ಹೇಳಿದ್ರಿ. ಈಗಷ್ಟೇ ರಟ್ಟು ಕತ್ತರಿಸಿ ಗೋಡೆಗೆ ಹಿಡಿದು ಬಾಗಿಲು ತೆಗೆದು ನೋಡ್ದೆ, ನೀವಂದಂಗೇ ತಾಗತ್ತೆ. 9 ಇಂಚೇ ಮಾಡ್ತೀನಿ.

ಅರಸೀಕೆರೆ_ತೆಂಗು | ಏಪ್ರಿಲ್ 9

ನಮ್ ಕಡೆ ಮಳೆ ಎಲ್ಲೈತೆ ಬುಡಿ, ಬಿಸಿಲಿಂದೇ ಕಷ್ಟ. ನಮ್ದೂ ಪಶ್ಚಿಮದ ಕಿಟಕಿ, ಮಧ್ಯಾಹ್ನ ಮೂರರಿಂದ ರೂಮೊಳಗೆ ಕೂರಂಗಿಲ್ಲ. ಇದೇ ಎರಡೂವರೆ ಅಡಿ ಸಜ್ಜಾ ನಂಗೂ ಆಯ್ತದಾ?

ಸಿವಿಲ್_ಹಾಸನ | ಏಪ್ರಿಲ್ 9

ಅರ್ಧ ಆಗುತ್ತೆ. ಏಪ್ರಿಲ್‌ನಲ್ಲಿ ಸಂಜೆ 4 ಗಂಟೆಗೆ ಇಲ್ಲಿ ಸೂರ್ಯ ಇನ್ನೂ 37, 38 ಡಿಗ್ರಿ ಮೇಲಿರ್ತಾನೆ, ಎರಡೂವರೆ ಅಡಿ ಚಾಚಿದ್ರೆ ಅದರ ಅಂಚಿಂದ ಸುಮಾರು 2 ಅಡಿ ನೆರಳು ಸಿಗುತ್ತೆ. 5 ಗಂಟೆಗೆ ಒಂದೇ ಅಡಿ. ಆಮೇಲೆ ಬಿಸಿಲು ನೇರ ಒಳಗೇ. ಪಶ್ಚಿಮದ ಬಿಸಿಲಿಗೆ ಮೇಲಿನ ಸಜ್ಜಾ ಒಂದ್ರಿಂದ ಆಗಲ್ಲ, ಮುಂದಿನ ಅಂಚಿಂದ ಬಿದಿರಿನ ಪರದೆ ಇಳಿಬಿಡಿ, ಅದೂ ಕಿಟಕಿ ಹೊರಗೆ. ಒಳಗೆ ಕರ್ಟನ್ ಹಾಕಿದ್ರೆ ಶಾಖ ಆಗ್ಲೇ ಗಾಜು ದಾಟಿ ಬಂದಾಗಿರುತ್ತೆ.

ಅರಸೀಕೆರೆ_ತೆಂಗು | ಏಪ್ರಿಲ್ 9

ತೆಂಗಿನ ಗರಿ ಹೆಣೆದು ಇಳಿಬಿಟ್ರೂ ನಡೀತದೆ ಅಲ್ವಾ, ಅದಕ್ಕೇನು ಬರ ಇಲ್ಲ ನಮ್ಮಲ್ಲಿ. ಮಾಡಿ ನೋಡ್ತೀನಿ.

ಕಳಸ_ಹೆಂಚಿನಮನೆ | ಏಪ್ರಿಲ್ 10

ಶೀಟ್ ಯಾಕೆ, ಹೆಂಚು ಹಾಕಿ ಅಂತ ಯಾರೂ ಹೇಳ್ಲಿಲ್ವಲ್ಲ. ಮಂಗಳೂರಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ್ದು, ಆ ಮೇಲೆ ಘಟ್ಟದ ಮೇಲಿನ ಮನೆಗಳಿಗೆಲ್ಲ ಅದೇ ಹೆಂಚು ಬಂತು. ನಮ್ಮನೆ ಹೆಂಚು ಅಜ್ಜ ಹಾಕ್ಸಿದ್ದು, ಇವತ್ತಿಗೂ ಗಟ್ಟಿ ಇದೆ. ಮಳೆ ಬಿದ್ರೆ ಸದ್ದೇ ಇಲ್ಲ. ತಗಡಿನ ಕೆಳಗೆ ಮಲಗಿ ನೋಡಿ, ಒಂದು ರಾತ್ರಿ ನಿದ್ದೆ ಬಂದ್ರೆ ಹೇಳಿ. ಹಳೆ ಹೆಂಚು ಎಲ್ಲಾದ್ರೂ ಮನೆ ಕೆಡವಿದ ಕಡೆ ಸಿಗುತ್ತೆ, ಬೈನೆ ದಬ್ಬೆ ಸೀಳಿ ರೀಪು ಮಾಡ್ಕೊಂಡು ಗೇರೆಣ್ಣೆ ಹಚ್ಚಿ, ಹುಳ ಹತ್ರ ಸುಳಿಯಲ್ಲ.

ಬೇಲೂರು_ವೆಲ್ಡಿಂಗ್ | ಏಪ್ರಿಲ್ 10

ಹೆಂಚು ನಂಗೂ ಇಷ್ಟ ಕಣಕ್ಕ, ಸುಳ್ಳು ಹೇಳಲ್ಲ. ಆದ್ರೆ ಒಂದು ಹೆಂಚು ಎರಡೂವರೆಯಿಂದ ಮೂರು ಕೆಜಿ ತೂಗುತ್ತೆ. ಇವ್ರ ಅಳತೆಗೆ 25 ಹೆಂಚು ಬೇಕು, 70 ಕೆಜಿ ಆಯ್ತು, ನೆಂದ್ರೆ ಇನ್ನೂ ಜಾಸ್ತಿ. ಹೆಂಚಿಗೆ 22 ಡಿಗ್ರಿ ಇಳಿಜಾರೂ ಸಾಲಲ್ಲ, ಗಾಳಿ ಮಳೇಲಿ ಸಂದೀಲಿ ನೀರು ಹಿಂದಕ್ಕೆ ಹತ್ತುತ್ತೆ. ಕಡಿದಾಗಿ ಇಳಿಸಣ ಅಂದ್ರೆ ಬಾಗಿಲು ತೆಗೆಯಕ್ಕೆ ಜಾಗ ಇಲ್ಲ. ಮೊದಲ್ನೇ ಸಲ ಸ್ವಂತ ಮಾಡೋರಿಗೆ ಬೇಡ.

ಕಳಸ_ಹೆಂಚಿನಮನೆ | ಏಪ್ರಿಲ್ 10

ಬಾಗಿಲಿನ ವಿಷ್ಯ ನೋಡಿರ್ಲಿಲ್ಲ, ಅದು ಸರಿ. ಆದ್ರೆ ಸದ್ದಿನ ಮಾತು ಮರೀಬೇಡಿ, ವಯಸ್ಸಾದವರು ಮಲಗೋ ರೂಮು ಅದು. ಮತ್ತೆ ಮಂಗ ಹಾರೋದನ್ನೂ ನೆನಪಿಡಿ.

ಸಕಲೇಶಪುರ_ತೋಟ | ಏಪ್ರಿಲ್ 10

ಪಾಲಿಕಾರ್ಬೊನೇಟ್ ಹಾಕಿದ್ರೆ ಬೆಳಕೂ ಬರುತ್ತಲ್ಲ? ನಾವು ಎರಡನೇ ಸಲ ಅದನ್ನೇ ಹಾಕ್ಸಿದ್ದು. ಆದ್ರೆ ಮೂರನೇ ವರ್ಷಕ್ಕೆ ಸ್ಕ್ರೂ ಹತ್ರ ಸೀಳು ಬಿಡ್ತು, ಯಾಕೆ ಅಂತ ಗೊತ್ತಾಗ್ಲಿಲ್ಲ.

ಸಿವಿಲ್_ಹಾಸನ | ಏಪ್ರಿಲ್ 11

ತೂತನ್ನ ಸ್ಕ್ರೂ ಅಳತೆಗೇ ಹೊಡೆದಿರ್ತಾರೆ, ಅದಕ್ಕೇ. ಪಾಲಿಕಾರ್ಬೊನೇಟ್ ಬಿಸಿಲಿಗೆ ಕಬ್ಬಿಣಕ್ಕಿಂತ ಐದು ಪಟ್ಟು ಜಾಸ್ತಿ ಹಿಗ್ಗುತ್ತೆ. 6 ಅಡಿ ಶೀಟು, ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 40 ಡಿಗ್ರಿ ವ್ಯತ್ಯಾಸ ಆದ್ರೆ ಹತ್ತಿರ ಹತ್ತಿರ 5 ಮಿಮೀ ಓಡಾಡುತ್ತೆ. ಸ್ಕ್ರೂ ಬಿಗಿಯಾಗಿ ಹಿಡಿದಿದ್ರೆ ಅದು ಎಲ್ಲಿಗೆ ಹೋಗ್ಬೇಕು ಹೇಳಿ, ಸೀಳೇ ಸೀಳುತ್ತೆ. ತೂತು ಸ್ಕ್ರೂಗಿಂತ 3 ಮಿಮೀ ದೊಡ್ಡದಿರ್ಬೇಕು, ಮೇಲೆ ಅಗಲದ ರಬ್ಬರ್ ವಾಷರ್ ಹಾಕಿ, ತೀರಾ ಕಚ್ಚಿ ತಿರುಗಿಸ್ಬಾರ್ದು. ಇನ್ನೊಂದು, ಅದರ ಒಂದು ಮೈಗೆ ಮಾತ್ರ ಯುವಿ ಲೇಪ ಇರುತ್ತೆ ಎಷ್ಟೋ ಶೀಟಲ್ಲಿ, ಆ ಮೈ ಮೇಲಕ್ಕೆ ಬರ್ಬೇಕು, ತಿರುಗಾಮುರುಗಾ ಹಾಕಿದ್ರೆ ಹಳದಿ ತಿರುಗಿ ಪುಡಿ ಆಗುತ್ತೆ.

ಆಲ್ದೂರು_ಮನೆ | ಏಪ್ರಿಲ್ 11

ನಾನು ಕಲರ್ ಶೀಟೇ ತರ್ತೀನಿ ಅನ್ಸತ್ತೆ, 0.5 ಮಿಮೀದು. ಮನೆ ಪಕ್ಕ ಸಿಲ್ವರ್ ಓಕ್ ಇದೆ, ಗಾಳಿಗೆ ರೆಂಬೆ ಬೀಳತ್ತೆ. ಬೆಳಕು ಮುಂದಿನಿಂದ ಬರತ್ತೆ ಸಾಕು.

ಬೇಲೂರು_ವೆಲ್ಡಿಂಗ್ | ಏಪ್ರಿಲ್ 11

ಒಳ್ಳೇದು. ವೆಲ್ಡಿಂಗ್ ಬರಲ್ಲ ಅಂದ್ರಲ್ಲ, ಹಂಗಾದ್ರೆ ಟ್ಯೂಬ್ ಬಿಟ್ಟು ಆಂಗ್ಲರಲ್ಲಿ, ಅಂದ್ರೆ ಎಲ್ ಆಕಾರದ ಕಬ್ಬಿಣದ ಪಟ್ಟೀಲಿ ಮಾಡಿ, ಒಂದೂವರೆ ಇಂಚು ಆಂಗ್ಲರು 5 ಮಿಮೀ ದಪ್ಪದ್ದು, ಮೂಲೆ ಮೂಲೆಗೂ ತೂತು ಹೊಡೆದು ನಟ್ ಬೋಲ್ಟ್ ಹಾಕ್ಕೊಂಡು ಹೋಗಿ. ತ್ರಿಕೋನ ಆಗಿರೋದ್ರಿಂದ ಬೋಲ್ಟಲ್ಲೇ ಗಟ್ಟಿ ನಿಲ್ಲುತ್ತೆ, ಅಲುಗಾಡಲ್ಲ. ನಿಂತ್ಕೊಂಡು ಎರಡು ದಿನದ ಕೆಲಸ. ಯಾರತ್ರಾನೂ ಕಾಯೋ ಹಂಗಿಲ್ಲ.

ಬಣ್ಣ ಮಾತ್ರ ಗೋಡೆಗೆ ಏರಿಸೋಕ್ ಮುಂಚೆ ಹೊಡೀರಿ. ಎರಡು ಕೈ ಪ್ರೈಮರ್, ಎರಡು ಕೈ ಎನಾಮಲ್. ಗೋಡೆ ಕಡೆ ಮೈಗೆ ಆಮೇಲೆ ಬ್ರಶ್ ಹೋಗಲ್ಲ, ತುಕ್ಕು ಹಿಡಿಯೋದು ಅಲ್ಲಿಂದಾನೇ. ಬೋಲ್ಟ್ ತೂತಿನ ಒಳಗೂ ಬಣ್ಣ ಹೋಗ್ಲಿ.

ಸಿವಿಲ್_ಹಾಸನ | ಏಪ್ರಿಲ್ 12

ಗೋಡೆ ಬೋಲ್ಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಇಡೀ ಕೆಲಸದಲ್ಲಿ ಇದೇ ಪ್ರಾಣ.

ಎಲ್ರೂ ಸಜ್ಜಾ ಕೆಳಗೆ ಬೀಳುತ್ತೆ ಅಂತ ಹೆದರ್ತಾರೆ, ಆದ್ರೆ ಶೀಟಿನ ಸಜ್ಜಾ ಹೋಗೋದು ಮೇಲಕ್ಕೆ. ಗಾಳಿ ಒತ್ತಡದ ಲೆಕ್ಕಕ್ಕೆ ಐಎಸ್ 875 ಮೂರನೇ ಭಾಗ ಅಂತ ಭಾರತೀಯ ಮಾನಕ ಇದೆ, ಅದರಲ್ಲಿ ಬೆಂಗಳೂರು ಮೈಸೂರಿಗೆ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. 33 ಇಟ್ಕೊಂಡ್ರೂ ಒಂದು ಚದರ ಮೀಟರಿಗೆ 65 ಕೆಜಿ ಆಗುತ್ತೆ. ನಿಮ್ಮ ಸಜ್ಜಾ 1.3 ಚದರ ಮೀಟರ್, ಅಂದ್ರೆ 80 ಕೆಜಿ ಮೇಲಕ್ಕೆ ಎತ್ತೋ ಬಲ, ಸಜ್ಜಾದ ಸ್ವಂತ ತೂಕ ಅದರ ಅರ್ಧಾನೂ ಇರಲ್ಲ. ಹಂಗಾಗಿ ಮರದ ಗುಟ್ಟ, ಪ್ಲಾಸ್ಟಿಕ್ ಪ್ಲಗ್ಗು ಯಾವ್ದೂ ಬೇಡ. ಲಿಂಟಲ್ಲಿಗೆ 10 ಮಿಮೀ ಆಂಕರ್ ಬೋಲ್ಟು, 100 ಮಿಮೀ ಉದ್ದದ್ದು. ಗಿಲಾವಿನ ದಪ್ಪ ಲೆಕ್ಕಕ್ಕಿಲ್ಲ, ಕಾಂಕ್ರೀಟ್ ಒಳಗೆ ಎಷ್ಟು ಹೋಯ್ತೋ ಅಷ್ಟೇ ಹಿಡಿತ. ತೂತು ಹೊಡೆದ ಮೇಲೆ ಧೂಳು ಪೂರ್ತಿ ಊದಿ ತೆಗೀರಿ, ಸೈಕಲ್ ಪಂಪಲ್ಲಿ ಊದಿದ್ರೂ ಆಗುತ್ತೆ. ಕೆಳಗಿನ ಬೋಲ್ಟು ಬ್ಲಾಕಿಗೆ ಬರುತ್ತಲ್ಲ, ಅಲ್ಲಿ ಆಂಕರ್ ಬಿಗಿ ಮಾಡಿದ್ರೆ ಬ್ಲಾಕ್ ಒಡೀಬಹುದು. ಗೋಡೆ ಆರೇ ಇಂಚು, ಆರಪಾರ ಬೋಲ್ಟ್ ಹಾಕಿ ಒಳಗಡೆ 4 ಇಂಚಿನ ಚೌಕ ಪ್ಲೇಟ್ ಕೊಟ್ಟು ನಟ್ ಬಿಗೀರಿ. ಒಳಗೆ ಕಾಣುತ್ತೆ, ಕಂಡ್ರೆ ಕಾಣ್ಲಿ.

ಮಣ್ಣಿನ ಗೋಡೆ, ಜಂಬಿಟ್ಟಿಗೆ, ಹಾಲೋ ಬ್ಲಾಕ್ ಇರೋರು ಇದನ್ನ ಓದ್ತಿದ್ರೆ ನಿಮಗೂ ಆರಪಾರ ಬೋಲ್ಟೇ ಗತಿ. ಮತ್ತೆ ಡ್ರಿಲ್ ಹಾಕೋ ಮುಂಚೆ ಒಳಗೆ ಸ್ವಿಚ್ ಬೋರ್ಡ್ ಎಲ್ಲಿದೆ, ಪೈಪ್ ಎತ್ತ ಹೋಗಿದೆ ನೋಡಿ, ಮೇನ್ ಆಫ್ ಮಾಡಿ ಅಂತ ಹೇಳೋಣ ಅಂದ್ರೆ ಡ್ರಿಲ್ಲಿಗೇ ಕರೆಂಟ್ ಬೇಕು, ಬೇರೆ ರೂಮಿಂದ ವೈರ್ ಎಳ್ಕೊಂಡು ಆ ರೂಮಿನ ಎಂಸಿಬಿ ಇಳಿಸಿ.

ಆಲ್ದೂರು_ಮನೆ | ಮೇ 4

ಇಷ್ಟು ದಿನ ಕಾಫಿ ತೋಟಕ್ಕೆ ನೀರು ಹೊಡೆಯೋದ್ರಲ್ಲಿ ಆಗಿರ್ಲಿಲ್ಲ, ನಿನ್ನೆ ಮೊನ್ನೆ ಕೂತು ಮುಗಿಸ್ದೆ. ನೀವೆಲ್ಲ ಹೇಳಿದ ಹಾಗೇ ಆಂಗ್ಲರಲ್ಲಿ ಬೋಲ್ಟ್ ಹಾಕಿ ಎರಡು ತ್ರಿಕೋನ, ಅವೆರಡಕ್ಕೂ ಅಡ್ಡ ಮೂರು ಆಂಗ್ಲರು, ಹಿಂದೆ ಒಂದು ಮಧ್ಯೆ ಒಂದು ಮುಂದೆ ಒಂದು. ಶೀಟು 6 ಅಡಿಗೆ 3 ಅಡಿ. ಸ್ಕ್ರೂನ ಶೀಟಿನ ಏಣು ಮೇಲೆ ಹಾಕಿದೀನಿ, ತಗ್ಗಲ್ಲಿ ಹಾಕಿಲ್ಲ, ರಬ್ಬರ್ ವಾಷರ್ ಸಮೇತ. ತಮ್ಮ ಕೆಳಗಿಂದ ಹಿಡ್ಕೊಂಡ, ಒಬ್ನೇ ಆಗಿದ್ರೆ ಆಗ್ತಿರ್ಲಿಲ್ಲ. ಸಾಮಾನಿಗೆ ಮೂರೂವರೆ ಸಾವಿರದ ಆಸುಪಾಸು ಆಯ್ತು.

ಮುಗಿದ ಮೇಲೆ ಇಬ್ರೂ ಜೋತಾಡಿ ನೋಡಿದ್ವಿ, ಕದಲ್ಲಿಲ್ಲ. ಗೋಡೆಗೂ ಶೀಟಿಗೂ ಮಧ್ಯದ ಸಂದಿಗೆ ಸಿಲಿಕೋನ್ ತುಂಬಿದೀನಿ. ಅಮ್ಮ ಬಂದು ಕಿಟಕಿ ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡಿದ್ರು, ಬಾಗಿಲು ಎಲ್ಲೂ ತಾಗಲ್ಲ.

ಬೇಲೂರು_ವೆಲ್ಡಿಂಗ್ | ಮೇ 4

ಭಾಳ ಖುಷಿ ಆಯ್ತು. ಆದ್ರೆ ಗೋಡೆ ಸಂದಿಗೆ ಬರೀ ಸಿಲಿಕೋನ್ ನಂಬ್ಬೇಡಿ. ಬಣ್ಣ ಹೊಡೆದ ಗೋಡೆ ಮೇಲೆ ಹಚ್ಚಿದ್ರೆ ಅದು ಬಣ್ಣಕ್ಕೆ ಅಂಟಿರುತ್ತೆ, ಗೋಡೆಗೆ ಅಲ್ಲ. ಬಣ್ಣ ಎದ್ರೆ ಅದೂ ಎದ್ದಂಗೆ. ಯಾವ ಸಿಲಿಕೋನು, ಹಚ್ಚೋವಾಗ ವಿನಿಗರ್ ವಾಸ್ನೆ ಬಂತಾ?

ಆಲ್ದೂರು_ಮನೆ | ಮೇ 4

ಹೌದು ಬಂತು, ಹುಳಿ ವಾಸ್ನೆ.

ಬೇಲೂರು_ವೆಲ್ಡಿಂಗ್ | ಮೇ 5

ಅದು ಗಾಜಿಗೆ ಹಚ್ಚೋದು ಸರ್. ಅದ್ರಲ್ಲಿರೋ ಆಸಿಡ್ಡು ಜಿಂಕ್ ಲೇಪ ತಿನ್ನುತ್ತೆ, ಸಿಮೆಂಟಿಗೂ ನೆಟ್ಟಗೆ ಕಚ್ಚಲ್ಲ. ನ್ಯೂಟ್ರಲ್ ಅಂತ ಬರೆದಿರೋದು ಬರುತ್ತೆ, ಇಲ್ಲಾ ಪಿಯು (ಪಾಲಿಯುರೆಥೇನ್) ಸೀಲೆಂಟ್ ತಗಳಿ. ಅದಕ್ಕಿಂತ ಒಳ್ಳೇದು ಗೋಡೆಗೆ ಗ್ರೈಂಡರಲ್ಲಿ ಒಂದಿಂಚು ಆಳದ ಗಾಡಿ, ಅಂದ್ರೆ ಅಡ್ಡಕ್ಕೆ ಉದ್ದ ಗೀರು ಕೊಯ್ದು ತಗಡಿನ ಪಟ್ಟಿ ಮಡಿಚಿ ಅದರೊಳಗೆ ತೂರ್ಸಿ ಆಮೇಲೆ ಸೀಲ್ ಮಾಡೋದು. ಮಳೆ ಹಿಡಿಯಕ್ಕೆ ಇನ್ನೂ ತಿಂಗಳೈತೆ, ಈಗ್ಲೇ ಮಾಡ್ಬಿಡಿ.

ಆಲ್ದೂರು_ಮನೆ | ಜೂನ್ 17

ಮೃಗಶಿರ ಮಳೆ ಹಿಡ್ಕೊಂಡು ನಾಲ್ಕು ದಿನ ಆಯ್ತು. ಗಾಡಿ ಕೊಯ್ಯಿ ಅಂದಿದ್ರಿ, ಮಾಡ್ತೀನಿ ಮಾಡ್ತೀನಿ ಅಂತ ಬಿಟ್ಟೆ, ತಪ್ಪು ನಂದೇ. ಮೇಲಿನ ಗೋಡೆ ಮೇಲೆ ಬಿದ್ದ ನೀರೆಲ್ಲ ಇಳ್ಕೊಂಡು ಬಂದು ಸೀದಾ ಶೀಟಿನ ಹಿಂದೆ ಹೋಗ್ತಿದೆ, ಅಲ್ಲಿಂದ ಲಿಂಟಲ್ ಮೇಲೆ ಹರಿದು ಚೌಕಟ್ಟಿಂದ ತೊಟ್ಟಿಕ್ಕತ್ತೆ. ಸಿಲಿಕೋನ್ ಪಟ್ಟಿ ಪಟ್ಟಿಯಾಗಿ ಬಣ್ಣದ ಸಮೇತ ಎದ್ದು ಬಂದಿದೆ, ನೀವಂದಂಗೇ.

ಎರಡನೇದು, ನೈಋತ್ಯದಿಂದ ಗಾಳಿ ಬಂದಾಗ ಎಡಗಡೆ ಪಕ್ಕದಿಂದ ಇರಚಲು ನುಗ್ಗತ್ತೆ. ಮುಂದಿನಿಂದ ಬರೋದಕ್ಕಿಂತ ಅದೇ ಜಾಸ್ತಿ.

ಮೂರನೇದು ಸದ್ದು. ಕಳಸದವ್ರು ಹೇಳಿದ್ರು. ಅಮ್ಮ ಎರಡು ರಾತ್ರಿ ಹಾಲಲ್ಲಿ ಮಲಗಿದ್ರು. ನಂಗೆ ತುಂಬ ಬೇಜಾರಾಯ್ತು, ಅವರಿಗೋಸ್ಕರ ಮಾಡಿ ಅವರನ್ನೇ ರೂಮಿಂದ ಎಬ್ಬಿಸಿದಂಗಾಯ್ತು.

ಆದ್ರೆ ನೇರ ಮಳೆಗೆ ಹಾಸಿಗೆ ಒದ್ದೆ ಆಗಿಲ್ಲ, ಸಿವಿಲ್ ಅಕ್ಕ ಹೇಳಿದ 33 ಇಂಚಿನ ಲೆಕ್ಕ ಕರೆಕ್ಟಾಗಿದೆ, ಬಾಗಿಲಿನ ಮೇಲೆ ಗೆರೆ ಎಳೆದಂಗೆ ಕೆಳಗಿನ ಭಾಗ ಮಾತ್ರ ಒದ್ದೆ.

ಕಳಸ_ಹೆಂಚಿನಮನೆ | ಜೂನ್ 17

ಬೇಜಾರ್ ಮಾಡ್ಕೋಬೇಡಿ. ಸದ್ದಿಗೆ ಶೀಟಿನ ಮೇಲೆ ಏನಾದ್ರೂ ಮೆತ್ತಗಿರೋದು ಬಂದ್ರೆ ಹನಿ ಅದರ ಮೇಲೆ ಒಡೆದು ಹೋಗುತ್ತೆ. ಕೊಪ್ಪದವ್ರು ಹೇಳಿದ ಸೋಗೆ ತಟ್ಟೀನೇ ಶೀಟಿನ ಮೇಲೆ ಹಾಸಿ, ಗಾಳಿಗೆ ಹಾರದಂಗೆ ಹಳೆ ಮೀನಿನ ಬಲೆಯೋ ನೈಲಾನ್ ಹಗ್ಗವೋ ಬಿಗೀರಿ. ನಮ್ಮನೆ ಬಚ್ಚಲು ತಗಡಿಗೆ ಹಂಗೇ ಮಾಡೋದು.

ಕೊಪ್ಪ_ಅಡಿಕೆ | ಜೂನ್ 17

ಇದು ಸರಿ. ಎರಡು ಪದರ ಹಾಸಿ, ತೊಟ್ಟು ಮೇಲ್ಮುಖ ಇರ್ಲಿ ನೀರು ಇಳಿಯಕ್ಕೆ. ಮಳೆಗಾಲ ಮುಗಿದ ಕೂಡ್ಲೇ ತೆಗೀಬೇಕು ಮತ್ತೆ, ವರ್ಷಪೂರ್ತಿ ಬಿಟ್ರೆ ಅಡೀಲಿ ತಂಡಿ ಕೂತು ಶೀಟ್ ಹಾಳು.

ಬೇಲೂರು_ವೆಲ್ಡಿಂಗ್ | ಜೂನ್ 18

ಎಡಗಡೆಗೆ ಒಂದು ಕೆನ್ನೆ ಕೊಡಿ, ತ್ರಿಕೋನ ಆಕಾರದ ತಗಡು, ಬ್ರಾಕೆಟ್ಟಿಗೇ ನಾಲ್ಕು ಸ್ಕ್ರೂ. ಎಡಗಡೆ ಒಂದೇ ಸಾಕು, ಬಲಗಡೆ ಮುಚ್ಚಬೇಡಿ. ಎರಡೂ ಕಡೆ ಮುಚ್ಚಿದ್ರೆ ಮುಂದಿನಿಂದ ನುಗ್ಗಿದ ಗಾಳಿಗೆ ಹೋಗಕ್ಕೆ ದಾರಿ ಇರಲ್ಲ, ಪೂರ್ತಿ ಜೋರು ಶೀಟ್ ಮೇಲೇ ಬೀಳುತ್ತೆ. ಗೋಡೆ ಪಕ್ಕ ಎರಡು ಇಂಚು ಸಂದೂ ಬಿಡಿ.

ಗಾಡಿ ಕೊಯ್ಯದು ಈಗ ಬೇಡ, ಒದ್ದೆ ಗೋಡೇಲಿ ಏನೂ ಅಂಟಲ್ಲ, ಗ್ರೈಂಡರ್ ಹಿಡ್ಕೊಂಡು ಮಳೇಲಿ ನಿಲ್ಲೋದಂತೂ ಬೇಡ್ವೇ ಬೇಡ. ಮಳೆ ಹೊಳವಾಗಿ ಎರಡು ದಿನ ಬಿಸಿಲು ಬಿದ್ದಾಗ ಮಾಡಿ. ಅಲ್ಲಿ ತನಕ ಗೋಡೆ ಒರೆಸಿ ಬಿಟುಮಿನ್ ಟೇಪ್ ಒತ್ತಿ ಇರಿ.

ಸಿವಿಲ್_ಹಾಸನ | ಜೂನ್ 18

ಗಾಡಿ ಕೊಯ್ಯೋವಾಗ ಗಿಲಾವು ಮಾತ್ರ ಅಲ್ಲ, ಬ್ಲಾಕಿನ ಒಳಗೂ ಸ್ವಲ್ಪ ಹೋಗ್ಲಿ. ಬರೀ ಗಿಲಾವಲ್ಲಿ ನಿಲ್ಸಿದ್ರೆ ನೀರು ಗಿಲಾವಿನ ಹಿಂದಿಂದ ಇಳಿಯುತ್ತೆ.

ಆಲ್ದೂರು_ಮನೆ | ಜುಲೈ 13

ಪುನರ್ವಸೂಲಿ ಮೂರು ದಿನ ಹೊಳವಾಗಿತ್ತು, ಕೂತ್ಕೊಂಡು ಎಲ್ಲ ಮಾಡ್ದೆ. ಹಳೆ ಸಿಲಿಕೋನ್ ಚಾಕೂಲಿ ಕೆರೆದು ತೆಗೆದು, ಶೀಟಿಗಿಂತ 3 ಇಂಚು ಮೇಲೆ ಗಾಡಿ ಕೊಯ್ದು, 6 ಇಂಚು ಅಗಲದ ಜಿಐ ತಗಡಿನ ಪಟ್ಟಿ ಮಡಿಚಿ ತೂರ್ಸಿ, ಪಿಯು ಸೀಲೆಂಟ್ ತುಂಬಿದೆ. ಪಟ್ಟಿ ಶೀಟಿನ ಮೇಲೆ ಇಳಿಬಿದ್ದಿದೆ, ಶೀಟಿಗೆ ಸ್ಕ್ರೂ ಹೊಡೆದಿಲ್ಲ. ಎಡಗಡೆ ಕೆನ್ನೆ ಹಾಕಿದೀನಿ. ಸೋಗೆ ಎರಡು ಪದರ ಹಾಸಿ ನೈಲಾನ್ ಹಗ್ಗ ಬಿಗಿದಿದೀನಿ. ಮಳೆ ವಾಪಸ್ ಬರ್ಲಿ, ನೋಡಿ ಹೇಳ್ತೀನಿ.

ಆಲ್ದೂರು_ಮನೆ | ಜುಲೈ 24

ಪುಷ್ಯ ಮಳೆ, ಐದು ದಿನದಿಂದ ಬಿಟ್ಟಿಲ್ಲ, ಕರೆಂಟೂ ಇಲ್ಲ, ಈಗ ಒಂದು ಗಂಟೆ ಹಿಂದೆ ಬಂತು ಅದಕ್ಕೇ ಬರೀತಿದೀನಿ. ಗೋಡೆ ಸಂದೀಲಿ ಒಂದು ಹನಿ ಇಲ್ಲ. ಲಿಂಟಲ್ ಕೆಳಗೆ ಕೈ ಇಟ್ಟು ನೋಡ್ದೆ, ಒಣಗಿದೆ. ಸದ್ದು ಮೊದಲಿನ ಕಾಲು ಭಾಗಾನೂ ಇಲ್ಲ, ಸೋಗೆ ಮೇಲೆ ಬಿದ್ದಂಗೇ ಗೊತ್ತಾಗಲ್ಲ. ಗಾಳಿ ಜೋರಿದ್ದಾಗ ಕೆಳಗಿನ 15 ಇಂಚಿಗೆ ಬರೋದು ಬರತ್ತೆ, ಅದಕ್ಕೆ ಕಿಟಕಿ ಕೆಳಗಿನ ಸರಳಿಗೆ ಒಂದೂವರೆ ಅಡಿ ಎತ್ತರದ ಸಣ್ಣ ತಟ್ಟಿ ಕಟ್ಟಿದೀನಿ, ಕೂತಾಗ ಅದರ ಮೇಲಿಂದ ಹೊರಗೆ ಕಾಣತ್ತೆ. ಕೊಪ್ಪದವ್ರ ಮಾತೂ ನಡೀತು.

ಅಮ್ಮ ರೂಮಿಗೆ ವಾಪಸ್ ಬಂದ್ರು. ಇವತ್ತು ಮಧ್ಯಾಹ್ನ ಆ ಮಳೇಲೇ ಮಧ್ಯದ ಬಾಗಿಲು ತೆಗೆದು ಕೂತು ಕಾಫಿ ಕುಡಿದ್ರು. ಆಮೇಲೆ ನನ್ನ ಕರೆದು ತೋರ್ಸಿದ್ರು, ಸಜ್ಜಾ ಅಂಚಿನ ನೀರು ಸಾಲಾಗಿ ಸರಿಯಾಗಿ ಅವ್ರ ಡೇರೆ ಪಾತಿ ಮೇಲೇ ಬೀಳ್ತಿದೆ, ಕೆಂಪು ಡೇರೆ ಎರಡು ಬುಡ ಸಮೇತ ಎದ್ದಿದೆ, ಮಣ್ಣು ಸಿಡಿದು ಗೋಡೆಗೂ ಹೊಡೀತಿದೆ. ಅಂಚಿಗೆ ನೀರು ಹಿಡಿದು ಪಕ್ಕಕ್ಕೆ ಬಿಡೋ ದೋಣಿ ಹಾಕ್ಬೇಕು. ಪಿವಿಸಿದು 6 ಅಡಿ ಒಂದೇ ಪೀಸ್ ಇಲ್ಲಿ ಸಿಕ್ತಿಲ್ಲ.

ಸಿವಿಲ್_ಹಾಸನ | ಜುಲೈ 24

ಓದಿ ತುಂಬ ಸಂತೋಷ ಆಯ್ತು. ಸದ್ಯಕ್ಕೆ ನೀರು ಬೀಳೋ ಸಾಲಿಗೆ ಒಂದಡಿ ಅಗಲ ಜಲ್ಲಿ ಹರಡಿ, ಸಿಡಿಯೋದು ನಿಲ್ಲುತ್ತೆ. ದೋಣಿ ಹಾಕೋವಾಗ ಒಂದು ಕಡೆಗೆ ಒಂದಿಂಚು ಇಳಿಜಾರು ಕೊಡಿ, ಕೊಕ್ಕೆ ಫ್ರೇಮಿನ ಆಂಗ್ಲರಿಗೆ ಹಿಡಿಸಿ, ಶೀಟಿಗೆ ಬೇಡ.

ಕೊಪ್ಪ_ಅಡಿಕೆ | ಜುಲೈ 25

ಪಿವಿಸಿ ಹುಡುಕ್ಬೇಡಿ. ಮೊನ್ನೆ ಗಾಳಿಗೆ ನಮ್ಮ ತೋಟದಲ್ಲಿ ಹಳೇ ಅಡಿಕೆ ಮರ ಎರಡು ಬಿದ್ದಿದೆ, ಚೆನ್ನಾಗಿ ಬಲಿತದ್ದು. ಸೀಳಿ ತಿರುಳು ತೆಗೆದು ಏಳಡಿ ದಂಬೆ ಮಾಡಿ ಇಡ್ತೇನೆ, ಮಳೆ ಹೊಳವಾದಾಗ ಬಂದು ತಗೊಂಡು ಹೋಗಿ. ಬರೋವಾಗ ಅಮ್ಮನ ಹತ್ರ ಕೆಂಪು ಡೇರೆ ಗೆಡ್ಡೆ ಒಂದು ಕೇಳಿ ತನ್ನಿ, ನಮ್ಮನೆಯವಳು ಬಹಳ ದಿನದಿಂದ ಹುಡುಕ್ತಿದಾಳೆ.

ಆಲ್ದೂರು_ಮನೆ | ಜುಲೈ 25

ಖಂಡಿತ. ಅಮ್ಮ ಈಗ್ಲೇ ಕೇಳ್ತಿದಾರೆ, ಕೆಂಪೊಂದೇ ಸಾಕಾ ಹಳದೀನೂ ಬೇಕಾ ಅಂತ.